ಡ್ರಮ್ಮಿನವನಿಗೆ ಕೊಟ್ಟ ಆಯುಧ

ಆ ಎರಡು ಕೋಲುಗಳು ಡೆಲ್ಫ್ಟ್‌ನ ನಮ್ಮ ಕಾರ್ಯಾಗಾರಕ್ಕೆ ಸಂತೆಯ ಚೀಲದೊಳಗೆ, ಸ್ನಾನದ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದವು. ಅದು ಕೊರೋನಾದ ಕಾಲ, ತಂದ ಹೆಣ್ಣುಮಗಳು ಒಳಗೆ ಬರುವಂತಿರಲಿಲ್ಲ. ಬಾಗಿಲ ಹೊರಗಿನ ಮೇಜಿನ ಮೇಲೆ ಚೀಲವಿಟ್ಟು ಹಿಂದೆ ಸರಿದು ನಿಂತು, ಮಾಸ್ಕಿನೊಳಗಿಂದಲೇ ಹೇಳಿದಳು:

"ತಪ್ಪು ನಂದ. ನಾನ ತೊಳದೆ."

ಆಕೆ ಎನ್ಸ್‌ಕೆಡೆಯ ಹತ್ತಿರದ ಒಂದು ಹಳ್ಳಿಯವಳು. ಡಚ್ಚರ ದೇಶದ ಪೂರ್ವದ ಅಂಚು ಅದು. ಅಲ್ಲಿಯವರ ಡಚ್ ಕೇಳಿದರೆ ಡೆಲ್ಫ್ಟ್‌ನವರಿಗೆ ತುಟಿಯಂಚಿನಲ್ಲಿ ನಗು ಬರುತ್ತದೆ, ನಮ್ಮ ಗದಗಿನ ಮಾತು ಕೇಳಿದ ಬೆಂಗಳೂರಿನವರ ಹಾಗೆ. ಅದಕ್ಕೇ ಆಕೆಯ ಮಾತನ್ನೂ ಆಕೆಯ ಅಪ್ಪನ ಮಾತನ್ನೂ ನಾನು ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೇ ಬಿದ್ದಿತ್ತು. ಮೊಮ್ಮಕ್ಕಳೇ, ಇದನ್ನು ನಿಮ್ಮ ಅವ್ವ ಓದಿ ಹೇಳಲಿ. ನೀವು ಎಂದಿನಂತೆ ಡಚ್‌ನಲ್ಲೇ ಪ್ರಶ್ನೆ ಕೇಳಿರಿ.

ಟವೆಲ್ ಬಿಚ್ಚಿದ್ದು ನಮ್ಮ ಮುಖ್ಯಸ್ಥೆ. ಹಳೆಯ ಲೋಹದ, ಮರದ ವಸ್ತುಗಳನ್ನು ದುರಸ್ತಿ ಮಾಡುವ ಆ ಪುಟ್ಟ ಕಾರ್ಯಾಗಾರದಲ್ಲಿ ಆಗ ನಾವು ಮೂವರೇ ಇದ್ದೆವು: ಆಕೆ, ಮರಗೆಲಸದ ಒಬ್ಬ ಹಿರಿಯರು, ಬೆಳ್ಳಿ ಹಿತ್ತಾಳೆ ಸ್ವಚ್ಛ ಮಾಡುವ ನಾನು. ಕೋಲುಗಳು ಕರಿಮರದವು. ಹಿಡಿಯ ತುದಿಗೆ, ಒನಕೆಯ ತುದಿಗೆ ಹಾಕುವ ಕಬ್ಬಿಣದ ಬಳೆಯಂತೆ, ಬೆಳ್ಳಿಯ ಅಣಸು. ಒಂದು ಕೋಲಿನ ಅಣಸು ಗಟ್ಟಿಯಾಗಿತ್ತು. ಇನ್ನೊಂದರದು ಕಳಚಿ ಟವೆಲ್ಲಿನ ಮಡಿಕೆಯಲ್ಲಿ ಬಿದ್ದಿತ್ತು. ಅದು ಕಳಚಿದ ತುದಿಯಿಂದ ಮೇಲಕ್ಕೆ, ಬೆರಳು ಹಿಡಿಯುವ ಜಾಗದವರೆಗೂ ಮರ ಸೀಳಿತ್ತು.

ಅಣಸಿನ ಸುತ್ತ ಫ್ರೆಂಚ್ ಅಕ್ಷರಗಳಿದ್ದವು: ಪ್ರಥಮ ಕಾನ್ಸಲ್‌ನಿಂದ ಇಂಥ ನಾಗರಿಕನಿಗೆ, ಡ್ರಮ್ ಬಾರಿಸುವವನಿಗೆ. ಪ್ರಥಮ ಕಾನ್ಸಲ್ ಎಂದರೆ ಆಗಿನ ಫ್ರಾನ್ಸಿನ ಆಡಳಿತದ ಮುಖ್ಯಸ್ಥ ಎಂದು ನಮ್ಮ ಮುಖ್ಯಸ್ಥೆ ನನಗೆ ಅದರ ಹಿನ್ನೆಲೆ ಹೇಳಿದರು. ಇನ್ನೂರು ವರ್ಷಗಳಾಚೆ ಫ್ರಾನ್ಸಿನ ಗಣರಾಜ್ಯ ರಾಜರ ಕಾಲದ ಪದಕ, ಬಿರುದುಗಳನ್ನೆಲ್ಲ ತೆಗೆದುಹಾಕಿತ್ತು. ಆದರೆ ಯುದ್ಧದಲ್ಲಿ ಧೈರ್ಯ ತೋರಿದವರಿಗೆ ಏನನ್ನಾದರೂ ಕೊಡಬೇಕಲ್ಲ. ಅವನವನ ಆಯುಧವನ್ನೇ ಬೆಳ್ಳಿ ಕಟ್ಟಿಸಿ, ಹೆಸರು ಕೊರೆಸಿ ಕೊಟ್ಟರು. ಕಾಲಾಳಿಗೆ ಬಂದೂಕು, ಅಧಿಕಾರಿಗೆ ಖಡ್ಗ, ಕಹಳೆಯವನಿಗೆ ಬೆಳ್ಳಿಯ ಕಹಳೆ. ಗುಂಡಿನ ನಡುವೆ ಡ್ರಮ್ ಬಾರಿಸುತ್ತ ಮುಂದೆ ನಡೆಯುವವನ ಹತ್ತಿರ ಬೇರೆ ಆಯುಧವೆಲ್ಲಿಂದ ಬರಬೇಕು? ಅವನಿಗೆ ಕೋಲು. ಕೆಲವೇ ವರ್ಷಗಳಲ್ಲಿ ಪದಕಗಳು ಬೇರೆ ಹೆಸರಿನಲ್ಲಿ ಮತ್ತೆ ಬಂದವು, ಆಯುಧ ಕೊಡುವುದು ನಿಂತಿತು. ಹಾಗಾಗಿ ಇಂಥ ಕೋಲುಗಳು ಕಣ್ಣಿಗೆ ಬೀಳುವುದೇ ಅಪರೂಪ.

ಆ ಡ್ರಮ್ಮಿನವನು ಕೋಲು ತಂದವಳ ಪೂರ್ವಜ. ಗಾಯಗೊಂಡು ಆಕೆಯ ಹಳ್ಳಿಯಲ್ಲೇ ಉಳಿದು, ನೇಕಾರರ ಮನೆಯ ಹುಡುಗಿಯನ್ನು ಮದುವೆಯಾದನಂತೆ. ಆ ಸೀಮೆಯಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ಕೆಲವು ವಾರ ಮರದ ಉದ್ದನೆಯ ಕೊಂಬು ಊದುವ ರೂಢಿಯಿದೆ. ಕೊಂಬು ಶುರುವಾಗುವ ಮೊದಲ ಭಾನುವಾರ, ಈ ಮನೆಯ ಹಿರಿಯ ತನ್ನ ಗೇಟಿನಲ್ಲಿ ನಿಂತು ಇದೇ ಕೋಲುಗಳಿಂದ ಡ್ರಮ್ ಬಾರಿಸುತ್ತಾನೆ. ಒಂದು ವರ್ಷವೂ ತಪ್ಪಿಲ್ಲ ಎಂದಳು ಆಕೆ. ಈಗಿನ ಹಿರಿಯ ಆಕೆಯ ಅಪ್ಪ. ಅವರು ವೃದ್ಧರ ಆರೈಕೆ ಮನೆಯಲ್ಲಿದ್ದರು. ಅಲ್ಲಿಯ ಅಂಗಳದಲ್ಲಿ ಬಾರಿಸಲು ಅನುಮತಿ ಸಿಕ್ಕಿತ್ತು. ಹೊರಗಿನಿಂದ ಬರುವ ವಸ್ತುವನ್ನೆಲ್ಲ ಒರೆಸಿ ತರಬೇಕೆಂಬುದು ಅಲ್ಲಿಯ ನಿಯಮ. ಆಕೆ ಕೋಲುಗಳನ್ನು ಒಮ್ಮೆ ಅಪ್ಪನಿಗೆ ಒಯ್ದು ತೋರಿಸೋಣವೆಂದು ಸ್ಯಾನಿಟೈಜರಿನಲ್ಲಿ ಚೆನ್ನಾಗಿ ಉಜ್ಜಿ, ಅದೂ ಸಾಲದೆಂದು ಬಿಸಿನೀರಿನಲ್ಲಿ ಅದ್ದಿ, ಬೇಗ ಒಣಗಲಿ ಎಂದು ಹೀಟರಿನ ಮೇಲೆ ಇಟ್ಟಳು. ಅಣಸನ್ನು ಹಿಡಿದಿದ್ದುದು ಒಳಗೆ ತುಂಬಿದ್ದ ಅರಗು. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಉಳಿದದ್ದನ್ನು ಹೀಟರ್ ಮಾಡಿತು.

"ಈ ವರ್ಷ ಅಪ್ಪ ಬಾರಸ್ಬೇಕು," ಎಂದಳು. "ಮುಂದಿನ ವರ್ಷ ಅಂದ್ರ ಅವರಿಲ್ಲ. ಡಾಕ್ಟರು ಹೇಳ್ಯಾರ, ಅವರಿಗೂ ಗೊತ್ತೈತಿ. ನೀವು ಹೆಂಗರ ಮಾಡಿ ಕೊಡ್ರಿ."

"ಗಾಜಿನ ಪೆಟ್ಟಿಗೆಯಲ್ಲಿ ಇಡೋ ಹಾಗೆ ಮಾಡಿಕೊಡಬಹುದು," ಎಂದರು ಮುಖ್ಯಸ್ಥೆ. "ಬಾರಿಸೋ ಹಾಗೆ ಆಗುತ್ತೋ ಇಲ್ಲವೋ, ಹೇಳೋಕಾಗಲ್ಲ."

"ನೋಡಾಕ ಫೋಟೋ ಐತಲ್ರಿ ಮನ್ಯಾಗ," ಎಂದು ಆಕೆ ರೈಲು ಹಿಡಿಯಲು ಹೋದಳು.

ಇನ್ನೊಂದು ತೊಡಕಿತ್ತು. ಅಪ್ಪನ ನಂತರ ಕೋಲುಗಳು ಒಂದು ಸಂಗ್ರಹಾಲಯಕ್ಕೆ ಹೋಗುವುದೆಂದು ಮನೆಯವರು ಮೊದಲೇ ಮಾತು ಕೊಟ್ಟಿದ್ದರು. ಆದ್ದರಿಂದ ಮತ್ತೆ ಬಿಚ್ಚಲಾಗದಂಥ ಯಾವ ಕೆಲಸವನ್ನೂ ನಾವು ಅವುಗಳ ಮೇಲೆ ಮಾಡುವಂತಿರಲಿಲ್ಲ.

ನಿಮ್ಮ ಅಜ್ಜ ಹೋದದ್ದು ಅದೇ ವರ್ಷದ ವಸಂತದಲ್ಲಿ. ಅದನ್ನು ಇಲ್ಲಿ ಹೆಚ್ಚು ಬರೆಯುವುದಿಲ್ಲ. ಆಸ್ಪತ್ರೆಯವರು ಟ್ಯಾಬ್ಲೆಟ್ಟಿನಲ್ಲಿ ತೋರಿಸಿದರು, ನಾನು ನೋಡಿದೆ. ಮಣ್ಣು ಮಾಡುವ ದಿನ ನಾವು ದೂರ ದೂರ ನಿಂತಿದ್ದೆವು. ಆಮೇಲೆ ನನಗೆ ಅಳು ಬರಲಿಲ್ಲ. ಅನ್ನದ ರುಚಿ ತಿಳಿಯುತ್ತಿರಲಿಲ್ಲ, ಚಳಿಯೂ ಅಷ್ಟಾಗಿ ತಿಳಿಯುತ್ತಿರಲಿಲ್ಲ. ನಿಮ್ಮ ಅವ್ವ ದಿನಾ ಫೋನ್ ಮಾಡುತ್ತಿದ್ದಳು.

"ಅವ್ವಾ, ಊಟಾ ಮಾಡಿದಿ?"

"ಮಾಡ್ದೆ."

"ಏನ್ ಮಾಡಿದ್ದಿ?"

ಏನು ತಿಂದೆನೆಂದು ನೆನಪಾಗುತ್ತಿರಲಿಲ್ಲ. ಹಿಂದಿನಿಂದ ನಿಮ್ಮಲ್ಲಿ ಚಿಕ್ಕವನು ಡಚ್‌ನಲ್ಲಿ ಹೇಳುವುದು ಕೇಳುತ್ತಿತ್ತು: ಆಯಿ ಮತ್ತೆ ಸುಮ್ಮನಾದಳು. ನಾನು ಕಾರ್ಯಾಗಾರಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ. ಅಲ್ಲಿ ಕೈಗೆ ಏನು ಮಾಡಬೇಕೆಂದು ಗೊತ್ತಿತ್ತು.

ಮೊದಲ ಕೆಲಸ ಏನೂ ಮಾಡದಿರುವುದು. ಬಿಸಿಗೆ ಒಣಗಿ ಸೆಟೆದ ಮರ ತನ್ನಷ್ಟಕ್ಕೆ ತಾನು ಸಮಾಧಾನಕ್ಕೆ ಬರಬೇಕು. ಗಾಳಿಯಾಡದ ಡಬ್ಬಿಯಲ್ಲಿ ಕೋಲುಗಳನ್ನು ಮಲಗಿಸಿ, ತೇವ ಹದವಾಗಿಡುವ ಜೆಲ್ಲಿನ ಚೀಲಗಳನ್ನು ಪಕ್ಕದಲ್ಲಿಟ್ಟು, ಒಳಗಿನ ಮಾಪಕವನ್ನು ದಿನಾ ನೋಡುವುದು. ಸೀಳು ನಿಧಾನಕ್ಕೆ ಕಿರಿದಾಯಿತು. ಪೂರ್ತಿ ಮುಚ್ಚಲಿಲ್ಲ. ಉಗುರಿನ ಅಂಚು ಹೋಗುವಷ್ಟು ಬಾಯಿ ತೆರೆದುಕೊಂಡೇ ಉಳಿಯಿತು.

ಆ ಹೊತ್ತಿಗೆ ನಾನು ಅಣಸನ್ನು ತೆಗೆದುಕೊಂಡೆ. ಒಳಗಿನ ಹಳೆಯ ಅರಗನ್ನು ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿದೆ. ಹೊರಗಿನ ಕಪ್ಪನ್ನು ನುಣ್ಣನೆಯ ಸೀಮೆಸುಣ್ಣದ ಪುಡಿಯಿಂದ ಒರೆಸಿದೆ, ಅಕ್ಷರಗಳ ಗೀರಿನೊಳಗಿನ ಕಪ್ಪನ್ನು ಬಿಟ್ಟೆ. ಅದನ್ನೂ ತೆಗೆದರೆ ಹೆಸರು ಬೆಳ್ಳಿಯಲ್ಲಿ ಕರಗಿಹೋದಂತೆ ಕಾಣುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ನಮ್ಮಲ್ಲಿ ಹಿತ್ತಾಳೆಗೆ ಹುಣಸೆಹಣ್ಣು ಹಚ್ಚುತ್ತೇವೆ ಎಂದು ನಾನು ಬಾಯಿತಪ್ಪಿ ಹೇಳಿದ್ದೆ. ಅಂದಿನಿಂದ ಮರಗೆಲಸದ ಹಿರಿಯರು ನನ್ನನ್ನು 'ಹುಣಸೆ ಮೇಡಂ' ಎಂದೇ ಕರೆಯುತ್ತಿದ್ದರು. ಅವರು ನೂರ್ಡ್‌ವೈಕ್‌ನ ಸಮುದ್ರದ ದಂಡೆಯವರು, ರಜೆ ಬಂದರೆ ಗಾಳ ಹಾಕುತ್ತ ಕೂರುವವರು.

ಸೀಳಿಗೆ ಮೀನಿನ ಅಂಟು ಹಾಕುವುದೆಂದು ತೀರ್ಮಾನವಾಯಿತು. ಬಿಸಿನೀರು ತಾಗಿದರೆ ಬಿಡುವ ಅಂಟು ಅದು, ಸಂಗ್ರಹಾಲಯದವರು ತಕರಾರು ಮಾಡುವಂತಿಲ್ಲ. ನಾನು ಅದನ್ನು ಬೆಚ್ಚಗೆ ಕಾಯಿಸುತ್ತಿದ್ದಾಗ ಹಿರಿಯರು ಮೂಗು ಮುಂದೆ ಮಾಡಿದರು.

"ಹುಣಸೆ ಮೇಡಂ, ಮೀನು ಮುಟ್ಟಲ್ಲ ಅಂತೀರಿ. ಈಗ ದಿನಾ ಮೀನಿನ ಸಾರು ಕಾಯಿಸ್ತಿದ್ದೀರಿ."

"ಮೂಗು ಮುಚ್ಚಿಕೊಂಡು ಕಾಯಿಸ್ತಿದ್ದೀನಿ."

"ಮಾಸ್ಕಿದೆ, ಬಚಾವ್!"

ನೇರವಾಗಿ ಕೋಲಿನ ಮೇಲೆ ಕೈಯಿಡಲಿಲ್ಲ. ಅವರು ಅಷ್ಟೇ ಗಟ್ಟಿ ಮರದಿಂದ ಅದೇ ಅಳತೆಯ ನಾಲ್ಕಾರು ಕೋಲು ತಿರುಗಿಸಿ, ಬೇಕೆಂದೇ ಹೀಟರಿನ ಮೇಲಿಟ್ಟು ಸೀಳಿಸಿದರು. ನಾನು ಸೂಜಿಯಿಲ್ಲದ ಸಿರಿಂಜಿನಿಂದ ಅಂಟು ಇಳಿಸಿದೆ. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಸುತ್ತ ಬಿಗಿದು ಒಣಗಲು ಬಿಟ್ಟೆವು. ಒಣಗಿದ ಮೇಲೆ ಹಿರಿಯರು ಚರ್ಮದ ಮೆತ್ತೆಯ ಮೇಲೆ ಬಾರಿಸಿ ನೋಡಿದರು. ಡ್ರಮ್ ಬಾರಿಸಲು ಅವರಿಗೆ ಬರುತ್ತಿರಲಿಲ್ಲ. ರೇಡಿಯೋ ಸುದ್ದಿ ಶುರುವಾದರೆ ಬಾರಿಸಲು ಶುರು, ಮುಗಿದರೆ ನಿಲ್ಲಿಸುವುದು. ಸುದ್ದಿ ಮುಗಿಯುವ ಮೊದಲೇ ಸೀಳು ಬಾಯಿಬಿಟ್ಟಿತು. ಇನ್ನೊಂದೂ ಬಿಟ್ಟಿತು. ಬರಿ ಅಂಟು ಸಾಲದು.

ಕೊರೆದು ಒಳಗೆ ಲೋಹದ ಕಡ್ಡಿ ಕೂಡಿಸಿದರೆ ಗಟ್ಟಿಯಾಗುತ್ತಿತ್ತು. ಮುಖ್ಯಸ್ಥೆ ಕೇಳಿಸಿಕೊಳ್ಳಲೂ ಒಪ್ಪಲಿಲ್ಲ. ಕೊರೆದ ಮರ ಮತ್ತೆ ತುಂಬಿಕೊಳ್ಳುವುದಿಲ್ಲ, ಅವರ ಮಾತು ಸರಿಯೇ.

"ಗಾಳದ ಕೋಲು ಸೀಳಿದರೆ ನಾವು ಕೊರೆಯಲ್ಲ, ಸುತ್ತುತೀವಿ," ಎಂದರು ಹಿರಿಯರು. "ದಾರ ಬಿಗಿದು ಸುತ್ತಿ, ತುದಿಯನ್ನ ಒಳಗೇ ಎಳೆದುಬಿಡೋದು. ಬೇಡವಾದ ದಿನ ಕತ್ತರಿ ಹಾಕಿದರೆ ಆಯಿತು."

ಮುಖ್ಯಸ್ಥೆ ಒಪ್ಪಿದರು. ಮರಕ್ಕೂ ದಾರಕ್ಕೂ ನಡುವೆ ತೆಳುವಾದ ಜಪಾನಿ ಕಾಗದ ಬೇಕು ಎಂದರು. ದಾರ ಕಾಣುತ್ತದೆ, ಚೆಂದವೇನೂ ಇರುವುದಿಲ್ಲ, ಅದನ್ನು ಆಕೆಗೆ ಮೊದಲೇ ಹೇಳಬೇಕು ಎಂದರು. ಫೋನಿನಲ್ಲಿ ಹೇಳಿದ್ದಕ್ಕೆ ಆಕೆ, "ನನ್ನ ಕೇಳಬ್ಯಾಡ್ರಿ, ಬಾರಸಾವ್ರನ್ನ ಕೇಳ್ರಿ" ಎಂದು ಆರೈಕೆ ಮನೆಯ ನರ್ಸಿನ ಮೂಲಕ ಅಪ್ಪನನ್ನೇ ವೀಡಿಯೊದಲ್ಲಿ ಕೂರಿಸಿದಳು.

ಪರದೆಯಲ್ಲಿ ಬಹಳ ಹೊತ್ತು ಬರಿ ಒಂದು ಕಿವಿ, ಅದರಲ್ಲಿ ಶ್ರವಣಯಂತ್ರ. ಆಮೇಲೆ ನರ್ಸ್ ತಿರುಗಿಸಿದ ಮೇಲೆ ಮುಖ. ಒಣಗಿದ ಉದ್ದನೆಯ ಮುಖ, ಕಣ್ಣು ಮಾತ್ರ ಚುರುಕು.

"ಯಾವ ನೂಲು?" ಎಂದರು. ಹತ್ತಿ ಎಂದೆವು.

"ಹತ್ತಿ ಬ್ಯಾಡ. ಜನ್ಮೆಲ್ಲಾ ಹತ್ತಿ ಗಿರಣ್ಯಾಗ ಕಳದೇನಿ, ನಾ ಹೇಳ್ತೀನಿ, ಬ್ಯಾಡ. ಎಳದಂಗ ಎಳೀತೈತಿ ಅದು. ಅಗಸಿ ನಾರಿನ ನೂಲು ತಗೋರಿ. ಒದ್ದಿ ಮಾಡಿ ಸುತ್ರಿ. ಒಣಗಿದ ಮ್ಯಾಲೆ ತಾನ ಹಿಡೀತೈತಿ."

"ದಪ್ಪ ಆದರೆ ಕೈಗೆ ತೊಡಕಾಗುತ್ತಲ್ಲ?" ಎಂದರು ಮುಖ್ಯಸ್ಥೆ.

"ಆಕ್ಕೈತಿ. ಉಗುರಿಗೆ ಹತ್ತಬಾರದು, ಅಷ್ಟ ಹೇಳ್ತೀನಿ. ಗಂಟು ಗಿಂಟು ಇತ್ತಂದ್ರ ಅಲ್ಲೇ ಒಗದಬಿಡ್ತೀನಿ."

ಅಗಸಿಯನ್ನು ನಾವು ಚಟ್ನಿ ಮಾಡಿ ತಿನ್ನುವವರು, ಇವರು ಅದರ ಗಿಡದಿಂದ ನೂಲು ತೆಗೆಯುವವರು. ಮಾದರಿಯ ಕೋಲಿಗೆ ಹತ್ತಿಯನ್ನೂ ಅಗಸಿಯ ನೂಲನ್ನೂ ಸುತ್ತಿ ನೋಡಿದೆವು. ಸುದ್ದಿಯ ಹೊತ್ತಿನಲ್ಲಿ ಹತ್ತಿ ಸಡಿಲಾಯಿತು. ಅಗಸಿಯ ನೂಲು ಸುದ್ದಿ ಮುಗಿದು ಹವಾಮಾನದವರೆಗೂ ಹಿಡಿಯಿತು. ಹಿರಿಯರು ಕೈ ನೋವೆಂದು ನಿಲ್ಲಿಸಿದರು.

ನಿಜವಾದ ಕೋಲಿನ ಕೆಲಸ ಶುರುವಾಗುವ ವಾರದಲ್ಲೇ ಮುಖ್ಯಸ್ಥೆಯ ಮನೆಯಲ್ಲಿ ಜ್ವರ. ಪರೀಕ್ಷೆಯಲ್ಲಿ ಕೊರೋನಾ ಎಂದು ಬಂತು, ಆಕೆ ಮನೆಯೊಳಗೆ ಉಳಿದರು. ಹಿರಿಯರಿಗೆ ಹೃದಯದ ತೊಂದರೆ, ಅವರನ್ನು ಬರಬೇಡಿ ಎಂದರು. ನನ್ನ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಕಾರ್ಯಾಗಾರದ ಬೀಗದ ಕೈ ನನ್ನ ಹತ್ತಿರ ಉಳಿಯಿತು. ನಿಮ್ಮ ಅವ್ವ ಹೆದರಿದಳು. "ಒಬ್ಬಾಕಿನ ಹೋಗ್ತಿ? ಬ್ಯಾಡವ್ವಾ, ಮನ್ಯಾಗಿರು" ಎಂದಳು. ಮರುದಿನ ಬೆಳಿಗ್ಗೆ ನಾನು ಬೀಗದ ಕೈ ತೆಗೆದುಕೊಂಡು ಹೊರಟೆ.

ಸೀಳಿಗೆ ಅಂಟು ಇಳಿಸಿ, ಟ್ಯೂಬಿನ ಪಟ್ಟಿ ಬಿಗಿದು, ಒಣಗಿದ ಮೇಲೆ ಅಣಸನ್ನು ಕೂಡಿಸಿದೆ. ಈ ಸಲ ಅರಗಿನ ಬದಲು ಅಸಿಟೋನಿನಲ್ಲಿ ಬಿಡುವ ಅಂಟು. ಅಲ್ಲಿಗೆ ಎಲ್ಲ ಸರಿಯಾಯಿತು. ದಾರ ಸುತ್ತುವಾಗ ಕೆಟ್ಟಿತು. ಕೈಗವಸು ಹಾಕಿದರೆ ಒದ್ದೆ ನೂಲು ಜಾರುತ್ತದೆ. ಬರಿಗೈಯಾದರೆ, ತಿಂಗಳುಗಟ್ಟಲೆ ಸ್ಯಾನಿಟೈಜರ್ ಹಚ್ಚಿ ಹಚ್ಚಿ ಒಡೆದ ನನ್ನ ಬೆರಳಿನ ಚರ್ಮಕ್ಕೆ ನೂಲಿನ ಎಳೆ ಸಿಕ್ಕಿಕೊಳ್ಳುತ್ತಿತ್ತು. ಹೇಗೋ ಮುಗಿಸಿದೆ. ಮರುದಿನ ನೋಡಿದರೆ ಕಾಗದ ಒಂದು ಕಡೆ ಸುಕ್ಕಾಗಿತ್ತು, ಒಳಗೆ ಎಳೆದ ತುದಿ ಮೇಲೆದ್ದಿತ್ತು. ಉಗುರಿಗೆ ಹತ್ತುತ್ತಿತ್ತು.

ವೀಡಿಯೊದಲ್ಲಿ ಮುಖ್ಯಸ್ಥೆಗೆ ತೋರಿಸಿದೆ. ಅವರು ಹಾಸಿಗೆಯಲ್ಲಿ ದಿಂಬಿಗೊರಗಿ ಕೂತಿದ್ದರು. ಮಾತಿನ ನಡುವೆ ಕೆಮ್ಮು.

"ಬಿಚ್ಚಿಬಿಡಿ," ಎಂದರು. "ಇಲ್ಲಿಗೆ ನಿಲ್ಲಿಸೋಣ. ಅಂಟು ಹಿಡಿದಿದೆ, ಅಣಸು ಕೂತಿದೆ. ನೋಡೋದಕ್ಕೆ ಚೆನ್ನಾಗಿದೆ. ಬಾರಿಸಬೇಡಿ ಅಂತ ಹೇಳಿ ಕಳಿಸೋಣ. ಅವರು ತೊಡೆಯ ಮೇಲೆ ಇಟ್ಟುಕೊಂಡು ಕೂರಲಿ. ಆ ಮನುಷ್ಯರ ಕಣ್ಣೆದುರೇ ಮುರಿದರೆ ಏನು ಮಾಡೋದು? ಅದಕ್ಕಿಂತ ಇದು ವಾಸಿ ಅಲ್ಲವಾ?"

ನಾನು ಆ ಕಾರ್ಯಾಗಾರದಲ್ಲಿ ಯಾವತ್ತೂ ಅವರ ಮಾತಿಗೆ ಎದುರು ಆಡಿದವಳಲ್ಲ. ಎದುರಾಡುವುದು ನನಗೆ ಎಲ್ಲಿಯೂ ಬಂದಿಲ್ಲ. ನಿಮ್ಮ ಅಜ್ಜನೇ ನನ್ನ ಪರವಾಗಿ ಬ್ಯಾಂಕಿನಲ್ಲಿ, ಮುನ್ಸಿಪಾಲಿಟಿಯಲ್ಲಿ ಮಾತಾಡುತ್ತಿದ್ದರು. ಈಗಲೂ ಧೈರ್ಯ ಬಂತೆಂದೇನೂ ಅಲ್ಲ. ಹೆದರಿಕೆಯೂ ಬರಲಿಲ್ಲ, ಅಷ್ಟೇ.

"ನಮ್ಮಲ್ಲಿ ದಸರೆಯಲ್ಲಿ ಖಂಡೆ ಪೂಜೆ ಮಾಡುತ್ತೇವೆ," ಎಂದೆ.

"ಏನದು?"

"ಆಯುಧಗಳ ಪೂಜೆ. ಆಯುಧ ಅಂದರೆ ಖಡ್ಗವೇ ಆಗಬೇಕೆಂದಿಲ್ಲ. ಒಕ್ಕಲಿಗನ ಕುಡುಗೋಲು, ಅಂಗಡಿಯವನ ತಕ್ಕಡಿ, ದರ್ಜಿಯ ಕತ್ತರಿ. ಯಾವುದರಿಂದ ದುಡಿಯುತ್ತಾನೋ ಅದೇ ಅವನ ಆಯುಧ. ಹೋದ ತಿಂಗಳು ನಾನೂ ಮನೆಯಲ್ಲಿ ನನ್ನ ಚಿಮಟ, ಬ್ರಷ್ಷು ಇಟ್ಟು ಪೂಜೆ ಮಾಡಿದೆ."

ಆ ಪೂಜೆಯನ್ನು ಮಾಡುವ ಮನಸ್ಸೇನೂ ಇರಲಿಲ್ಲ, ಹೂವೂ ಸಿಕ್ಕಿರಲಿಲ್ಲ. ಪ್ರತಿ ವರ್ಷ ಮಾಡುವುದು, ಮಾಡಿದೆ. ಅದನ್ನು ಅವರಿಗೆ ಹೇಳಲಿಲ್ಲ.

"ಅಂದು ಅವನ್ನು ಯಾರೂ ಮುಟ್ಟುವುದಿಲ್ಲ," ಎಂದೆ. "ಅಂದಿಗೆ ಅವಕ್ಕೆ ವಿಶ್ರಾಂತಿ. ಮರುದಿನ ಪೂಜೆ ಬಿಚ್ಚಿ ಕೈಗೆ ತಗೊಳ್ಳಲೇಬೇಕು, ಚೂರಾದರೂ ಕೆಲಸ ಮಾಡಬೇಕು. ತಗೊಳ್ಳದೆ ಅಲ್ಲೇ ಇಟ್ಟುಬಿಟ್ಟರೆ ಅದು ಸತ್ತವರ ಸಾಮಾನು ಎಂದು ಲೆಕ್ಕ. ಆ ಅಜ್ಜನವರು ಇನ್ನೂ ಇದ್ದಾರೆ."

ಮುಖ್ಯಸ್ಥೆ ಕೆಮ್ಮಿ, ಪಕ್ಕದ ಲೋಟದಿಂದ ನೀರು ಕುಡಿದರು.

"ಇದು ನಮ್ಮ ವೃತ್ತಿಯ ನ್ಯಾಯ ಅಲ್ಲ," ಎಂದರು ಕೊನೆಗೆ. "ಸರಿ. ಬಿಚ್ಚಿ, ಮತ್ತೆ ಸುತ್ತಿ. ಮುರಿದರೆ ನಾವಿಬ್ಬರೂ ಸೇರಿ ಮುರಿದೆವು ಅಂತ ನಾನು ಅವರ ಮಗಳಿಗೆ ಹೇಳ್ತೀನಿ. ಕಾಗದ ಒಂದೇ ಪದರ ಇರಲಿ. ಎರಡು ಹಾಕಿದ್ದೀರಿ, ಅದಕ್ಕೇ ಸುಕ್ಕು."

ಹೌದು, ಎರಡು ಹಾಕಿದ್ದೆ.

ಮರವನ್ನು ನಯ ಮಾಡುವ ಅತಿ ಸಣ್ಣ ಉಜ್ಜುಕಾಗದ ತೆಗೆದುಕೊಂಡು ನನ್ನ ಹೆಬ್ಬೆರಳು, ತೋರುಬೆರಳುಗಳ ಒಡೆದ ಚರ್ಮವನ್ನು ಉಜ್ಜಿದೆ. ನೋವಾಗಬೇಕಿತ್ತು. ಬೆರಳು ನುಣ್ಣಗಾದವು. ನೂಲನ್ನು ನೀರಲ್ಲಿ ಅದ್ದಿ, ಹಿಂಡಿ, ನೂಲನ್ನು ಮಡಿಸಿ ಮಾಡಿದ ಕುಣಿಕೆಯನ್ನು ಮರದ ಉದ್ದಕ್ಕೆ ಇಟ್ಟು ಅದರ ಮೇಲೆ ಸುತ್ತಲು ಶುರುಮಾಡಿದೆ. ಕೋಲನ್ನು ತಿರುಗಿಸಬೇಕು, ಕೈಯನ್ನಲ್ಲ. ಪ್ರತಿ ಸುತ್ತನ್ನೂ ಹಿಂದಿನ ಸುತ್ತಿಗೆ ಉಗುರಿನಿಂದ ಒತ್ತಬೇಕು. ಕೊನೆಯ ಸುತ್ತಾದ ಮೇಲೆ ನೂಲಿನ ತುದಿಯನ್ನು ಕುಣಿಕೆಯೊಳಗೆ ಹಾಕಿ, ಕುಣಿಕೆಯನ್ನು ಆ ಕಡೆಯಿಂದ ಎಳೆದರೆ ತುದಿ ಸುತ್ತುಗಳ ಅಡಿಯಲ್ಲಿ ಮಾಯವಾಗುತ್ತದೆ. ಒಣಗಿದ ಮೇಲೆ ಉಗುರು ಆಡಿಸಿ ನೋಡಿದೆ. ಹತ್ತಲಿಲ್ಲ. ಎರಡೂ ಕೋಲುಗಳನ್ನು ಪುಟ್ಟ ತಕ್ಕಡಿಯಲ್ಲಿಟ್ಟು ನೋಡಿದೆ. ಮುಳ್ಳು ಕೊಂಚ ವಾಲಿತು. ಅದಕ್ಕೆ ಮಾಡುವಂಥದ್ದು ಏನೂ ಇರಲಿಲ್ಲ.

ತಲುಪಿಸುವುದಕ್ಕೂ ಬೇರೆ ಯಾರೂ ಇರಲಿಲ್ಲ. ಕೊಂಬು ಶುರುವಾಗುವ ಆ ಭಾನುವಾರ ಬೆಳಿಗ್ಗೆ ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಪೂರ್ವಕ್ಕೆ ಹೊರಟೆ. ರೈಲು ಖಾಲಿ. ಮಾಸ್ಕ್ ಹಾಕಿದ ಟಿಕೆಟ್ ಪರೀಕ್ಷಕ ದೂರದಿಂದಲೇ ಕತ್ತು ಚಾಚಿ ನನ್ನ ಕಾರ್ಡ್ ನೋಡಿದ. ಹೊಲಗಳ ಮೇಲೆ ಮಂಜಿತ್ತು. ಎನ್ಸ್‌ಕೆಡೆಯ ನಿಲ್ದಾಣಕ್ಕೆ ಆ ಅಜ್ಜನವರ ಮಗಳು ಕಾರು ತಂದಿದ್ದಳು. ಹಿಂದಿನ ಸೀಟಿನಲ್ಲಿ ಕಿಟಕಿ ತೆರೆದು ಕೂತೆ. ದಾರಿಯಲ್ಲಿ ಎಲ್ಲೋ ಕೊಂಬು ಊದುತ್ತಿದ್ದರು. ಹಸು ಅಂಬಾ ಅಂದಂತೆ, ಆದರೆ ಬಹಳ ಉದ್ದಕ್ಕೆ.

ಆರೈಕೆ ಮನೆಯ ಬಾಗಿಲಲ್ಲಿ ಏಪ್ರನ್ ತೊಟ್ಟ ನರ್ಸ್ ಒಂದು ಕೈಯಲ್ಲಿ ಸ್ಪ್ರೇ ಹಿಡಿದು ನಿಂತಿದ್ದಳು.

"ಡಬ್ಬಿ ತೆಗೀರಿ, ಒಳಗಿಂದು ಒರಸಬೇಕು."

"ಆಗುವುದಿಲ್ಲ," ಎಂದೆ.

"ಎಲ್ಲಾರಿಗೂ ಅದ ನಿಯಮ ರೀ."

"ಡಬ್ಬಿಯನ್ನು ಒರೆಸಿ. ಒಳಗಿನದು ಬೇಡ. ಮುಚ್ಚಿ ಇಟ್ಟು ದಿನಗಳಾದವು, ಯಾರೂ ಮುಟ್ಟಿಲ್ಲ. ಅದಕ್ಕೆ ಇದು ತಾಗಿದರೆ ಮತ್ತೆ ಕಳಚುತ್ತದೆ."

ಮಗಳು ನೆಲ ನೋಡುತ್ತಿದ್ದಳು. ನರ್ಸ್ ನನ್ನನ್ನು ನೋಡಿದಳು, ಡಬ್ಬಿಯನ್ನು ನೋಡಿದಳು, ಡಬ್ಬಿಗೆ ಎರಡು ಸಲ ಸ್ಪ್ರೇ ಹೊಡೆದಳು. "ಅಜ್ಜಗ ಕೈಗವಸ ಹಾಕ್ತೀನಿ ಹಂಗಾರ," ಎಂದಳು. ಮಗಳು ತಲೆ ಎತ್ತಿದಳು. "ಹಾಕಿ ನೋಡವಾ. ಕಿತ್ತು ನಿನ್ನ ಕೈಗ ಹಾಕ್ತಾರ ಅವ್ರು."

ಅಂಗಳದ ಮೂರು ಕಡೆ ಕಟ್ಟಡ, ಕಿಟಕಿಗಳೆಲ್ಲ ಮುಚ್ಚಿದ್ದವು. ನಡುವೆ ಗಾಲಿಕುರ್ಚಿಯಲ್ಲಿ ಕಂಬಳಿ ಹೊದ್ದು ಅಜ್ಜನವರಿದ್ದರು. ಮುಂದೆ ಸ್ಟ್ಯಾಂಡಿನ ಮೇಲೆ ಡ್ರಮ್. ನಾನು ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು, ಬಂದ ಬಾಗಿಲ ಬಳಿಗೇ ಸರಿದು ಗೋಡೆಗೆ ಒರಗಿ ನಿಂತೆ. ಅವರು ಕೋಲು ತೆಗೆದು ಸುತ್ತಿನ ಮೇಲೆ ಉಗುರು ಆಡಿಸಿದರು. ಒಂದು ಸಲ, ಇನ್ನೊಂದು ಸಲ, ತಿರುಗಿಸಿ ಮತ್ತೊಂದು ಸಲ.

"ಇದಕ್ಕೇನೋ ಪಟ್ಟಿ ಕಟ್ಟೀರಿ," ಎಂದರು. "ನನ್ನ ಕೈಗೆ ಕಟ್ಟಾವ್ರು ಯಾರು?"

"ಶುರು ಮಾಡಪ್ಪಾ, ಥಂಡಿ ಐತಿ," ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು: "ಓಣ್ಯಾಗ ಯಾರದರ ಒಂದು ಬಾಗಲಾ ತಗದ್ರ ನಿಲ್ಲಸ್ತಾರ. ತಗಿಯೂತನಕ ಬಾರಸ್ಬೇಕು. ನಮ್ಮೂರಾಗಾದ್ರ ಎಲ್ಲಾರೂ ಬಾಗಲ ಹಿಂದ ನಿಂತ ಕಾಯ್ತಿರ್ತಾರ."

ಅವರು ಶುರುಮಾಡಿದರು. ಮೊದಲು ಬಲಗೈ ಮಾತ್ರ ಬಿದ್ದಿತು, ಎಡಗೈ ತಡವಾಗಿ ಬಂತು. ಆಮೇಲೆ ಎರಡೂ ಕೂಡಿದವು. ಚೆನ್ನಾಗಿತ್ತೆಂದು ಹೇಳಲಾರೆ. ನಡುನಡುವೆ ತಪ್ಪುತ್ತಿತ್ತು, ತಪ್ಪಿದಾಗ ಅವರು ಹಲ್ಲು ಕಚ್ಚುತ್ತಿದ್ದರು. ಅಂಗಳದ ಗೋಡೆಗಳಿಗೆ ತಾಗಿ ಸದ್ದು ದೊಡ್ಡದಾಗುತ್ತಿತ್ತು. ನನಗೆ ಏನಾದರೂ ಅನ್ನಿಸಬಹುದೆಂದು ರೈಲಿನಲ್ಲಿ ಯೋಚಿಸಿದ್ದೆ. ಏನೂ ಅನ್ನಿಸಲಿಲ್ಲ. ನಾನು ಸುತ್ತನ್ನೇ ನೋಡುತ್ತಿದ್ದೆ. ಕೋಲು ಮೇಲೆ ಹೋದಾಗ ಕಾಣುತ್ತಿತ್ತು, ಕೆಳಗೆ ಬಂದಾಗ ಕಾಣುತ್ತಿರಲಿಲ್ಲ.

ಕಿಟಕಿಗಳ ಹಿಂದೆ ಮುಖಗಳು ಬಂದವು. ಒಬ್ಬ ಮುದುಕಿ ಗಾಜಿನ ಮೇಲೆ ಕೈಯಿಟ್ಟಿದ್ದಳು. ಮತ್ತೊಬ್ಬರು ಕಿಟಕಿಯ ಹಿಡಿಯನ್ನು ತಿರುಗಿಸಲು ನೋಡಿದರು, ಅದು ತಿರುಗಲಿಲ್ಲ. ಬೀಗ ಹಾಕಿದ್ದರು. ಅಜ್ಜನವರು ಬಾರಿಸುತ್ತಲೇ ಇದ್ದರು. ಎಡಗೈ ಮತ್ತೆ ತಡವಾಗತೊಡಗಿತು. ಕಂಬಳಿ ಜಾರಿ ಪಾದದ ಮೇಲೆ ಬಿದ್ದಿತು. ಮಗಳು ಅತ್ತಿತ್ತ ನೋಡಿದಳು. "ಅಪ್ಪಾ, ಸಾಕು" ಎಂದಳು. ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ. ಸುತ್ತಿನ ಮೇಲಂಚಿನಲ್ಲಿ ಒಂದು ಎಳೆ ಅಲುಗಿದಂತೆ ನನಗೆ ಕಂಡಿತು. ಅವರ ತುಟಿಗಳು ನೀಲಿಯಾಗುತ್ತಿದ್ದವು.

ನನ್ನ ಪಕ್ಕದ ಬಾಗಿಲು ಗಾಜಿನದು, ಎದುರು ನಿಂತರೆ ತಾನೇ ಸರಿಯುವಂಥದ್ದು. ಯಾರೂ ಹೇಳಿರಲಿಲ್ಲ. ನಾನು ಆ ಓಣಿಯವಳಲ್ಲ, ಆ ಮನೆಯವಳೂ ಅಲ್ಲ. ಗೋಡೆ ಬಿಟ್ಟು ಅದರ ಎದುರಿಗೆ ಹೋಗಿ ನಿಂತೆ. ಬಾಗಿಲು ಸರಿಯಿತು. ಒಳಗಿನ ಬೆಚ್ಚನೆಯ ಗಾಳಿ, ಸೂಪಿನ ವಾಸನೆ ಹೊರಗೆ ಬಂತು.

ಅವರು ಎರಡು ಕೋಲುಗಳನ್ನೂ ಒಟ್ಟಿಗೆ ಒಂದೇ ಸಲ ಹೊಡೆದು ನಿಲ್ಲಿಸಿದರು.

ನನ್ನ ಕಡೆ ನೋಡಿದರು. ಉಸಿರು ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ಭಾಳ ತಡಾ ಮಾಡಿದ್ರಿ, ಬಾಯಾರ," ಎಂದರು.

"ಹೌದ್ರಿ," ಎಂದೆ. ಕನ್ನಡದಲ್ಲೇ ಅಂದುಬಿಟ್ಟಿದ್ದೆ. ಅವರು ಅರ್ಥವಾದವರ ಹಾಗೆ ತಲೆಯಾಡಿಸಿ, ಕೋಲುಗಳನ್ನು ಒರೆಸದೆ, ಮಗಳು ಎತ್ತಿ ಹೊದಿಸಿದ ಕಂಬಳಿಯೊಳಗೆ ಇಟ್ಟುಕೊಂಡರು.